ಹೊದಿಕೆಯ ಕೆಳಗೆ ಕಂಡದ್ದು

ಮೂರನೆಯ ಬಕೆಟ್ಟನ್ನೂ ಒಬ್ಬಳೇ ಎತ್ತಿ ತಂದಿಟ್ಟು ಮಗಳು ನಡು ನೆಟ್ಟಗೆ ಮಾಡಿಕೊಂಡಳು. ಬಚ್ಚಲಿನಲ್ಲಿ, ಹಲಗೆಯ ಮೇಲೆ, ಅವಳ ಅಮ್ಮ ದಪ್ಪನೆಯ ಹೊದಿಕೆ ಹೊದ್ದು ಕೊನೆಯ ಸ್ನಾನಕ್ಕೆ ಮಲಗಿದ್ದಳು. ಹಜಾರದಲ್ಲಿ ಹನ್ನೊಂದು ಹೆಂಗಸರು ಗೋಡೆಗೊರಗಿ ಕೂತಿದ್ದರು. ಒಬ್ಬರೂ ಏಳಲಿಲ್ಲ.

"ಮಗ್ಗುಲು ತಿರುಗಿಸೋಕೆ ಇನ್ನೊಬ್ಬರು ಬೇಕು," ಎಂದಳು ಮಗಳು. "ಮಧ್ಯಾಹ್ನದ ನಮಾಜಿಗೆ ಒಂದೇ ಗಂಟೆ ಇದೆ."

"ನಂಗೆ ಸೊಂಟ ಹಿಡಿದಿದೆ ಕಣಮ್ಮ," ಎಂದರು ಒಬ್ಬರು. ಇನ್ನೊಬ್ಬರಿಗೆ ಮಂಡಿ ನೋವು. ಮೂರು ಬೀದಿ ದಾಟಿ ಬಂದ ಮಂಡಿ ಬಚ್ಚಲ ಬಾಗಿಲಿಗೆ ಬಂದಾಗಲೇ ಕೈಕೊಟ್ಟಿತ್ತು.

ಬೇಕರಿಯವನ ಹೆಂಡತಿ ನೆಪ ಹುಡುಕುವವಳಲ್ಲ, ಅವಳ ಬಾಯಿಗೆ ಬೀಗವಿರಲಿಲ್ಲ. ಅವಳು ತೊಟ್ಟಿದ್ದ ಉದ್ದ ತೋಳಿನ ಅಂಗಿಯನ್ನು ಹೊಲಿದವಳು, ಬೀದಿಯವರ ಬಟ್ಟೆ ಹೊಲಿಯುವ ಈ ಮಗಳೇ. ಬೇಸಗೆಯಲ್ಲೂ ಮಣಿಕಟ್ಟು ಮುಚ್ಚಬೇಕು, ಇನ್ನೆರಡು ಇಂಚು ಬಿಡು ಎಂದು ಹೇಳಿ ಹೊಲಿಸಿಕೊಂಡಿದ್ದಳು.

"ನೇರವಾಗೇ ಹೇಳ್ತೀನಿ. ಸತ್ತವರ ಮೈಮೇಲೆ ಕಂಡದ್ದನ್ನ ಬಯಲು ಮಾಡೋದು ಹರಾಮು. ಮಾಡಿದವರ ಮುಖ ಕೊನೆಗೆ ಕಪ್ಪಾಗುತ್ತೆ ಅಂತಾರೆ. ನಿಮ್ಮಮ್ಮನ ಮುಖದಲ್ಲಿ ಅದನ್ನ ನೋಡೋ ಧೈರ್ಯ ನಂಗಿಲ್ಲ."

"ಬೆನ್ನ ಹಿಂದೆ ಆಡಿಕೊಳ್ಳೋದೂ ಹರಾಮೇ," ಎಂದಳು ಮಗಳು. " ಅದನ್ನ ಯಾರೂ ಹೇಳಲಿಲ್ವಾ ನಿಮಗೆ?"



*

ಮೂವತ್ತು ವರ್ಷ ಆ ಬೀದಿಗಳ ಹೆಂಗಸರಿಗೆಲ್ಲ ಕೊನೆಯ ಸ್ನಾನ ಮಾಡಿಸಿದವಳು ಈಗ ಹಲಗೆಯ ಮೇಲಿದ್ದ ಆ ಅಮ್ಮನೇ. ಜನ ಅವಳನ್ನು ನೀರಮ್ಮ ಎನ್ನುತ್ತಿದ್ದರು. ಯಾರ ಮೈಮೇಲೆ ಏನಿತ್ತು ಎಂಬುದು ಅವಳ ಬಾಯಿಂದ ಹೊರಬಿದ್ದದ್ದೇ ಇಲ್ಲ.

"ಯಾಕಮ್ಮ ಹೇಳಬಾರದು?" ಎಂದು ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು.

"ಬದುಕಿರೋರು ನಾವು ನೋಡಿದ್ರೆ ಸೆರಗು ಎಳ್ಕೋತಾರೆ. ಸತ್ತವರ ಕೈಲಿ ಆಗುತ್ತಾ? ಅದಕ್ಕೇ ಅವರ ಪರವಾಗಿ ನಾವು ಎಳೀಬೇಕು."

ಆರು ವರ್ಷದ ಹಿಂದೆ ಟೈರ್ ಅಂಗಡಿಯವರ ಸೊಸೆ ಮೆಟ್ಟಿಲಿಂದ ಬಿದ್ದು ಸತ್ತಳು ಎಂದು ಕರೆ ಬಂತು. ಮಗಳೂ ಜೊತೆಗೆ ಹೋಗಿದ್ದಳು. ಹೊದಿಕೆಯ ಕೆಳಗೆ ಕೈಯಾಡಿಸುತ್ತಿದ್ದ ನೀರಮ್ಮ ತಟ್ಟನೆ ನಿಲ್ಲಿಸಿದಳು. ನೀರಿನ ಚೆಂಬು ಕೆಳಗಿಟ್ಟು, ಒದ್ದೆ ಕೈಯಲ್ಲೇ ಅಂಗಳಕ್ಕೆ, ಗಂಡಸರ ನಡುವೆಯೇ ಹೋಗಿ ನಿಂತಳು.

"ನಾನು ಕಫನ್ ಬಟ್ಟೆ ಉಡಿಸಲ್ಲ. ಮೊದಲು ಪೊಲೀಸು, ಡಾಕ್ಟರು ಬರಲಿ. ಯಾವ ಮೆಟ್ಟಿಲೂ ಕುತ್ತಿಗೆ ಹಿಸುಕಲ್ಲ."

ಮಗಳು ಅಮ್ಮನ ಸೆರಗು ಜಗ್ಗಿದಳು. "ಸುಮ್ನಿರಮ್ಮ. ನಮಗ್ಯಾಕೆ ಊರ ಉಸಾಬರಿ?"

ಸತ್ತ ಹುಡುಗಿಯ ಮಾವ, ಮಸೀದಿ ಕಮಿಟಿಯಲ್ಲಿ ದೊಡ್ಡ ಮನುಷ್ಯ, ಕೆಂಡವಾದ. "ಸತ್ತವರ ಗುಟ್ಟು ಹೇಳೋದು ಹರಾಮು ಅಂತ ಗೊತ್ತಿಲ್ವೇನೇ?"

"ಗೊತ್ತು. ಅವಳ ಗುಟ್ಟಾಗಿದ್ರೆ ನನ್ನ ಜೊತೇನೇ ಮಣ್ಣಿಗೆ ಹೋಗ್ತಿತ್ತು. ಇದು ನಿಮ್ಮ ಮಗನ ಗುಟ್ಟು. ಅವನು ಬದುಕಿದ್ದಾನಲ್ಲ, ಅವನೇ ಕಾಯ್ಕೊಳ್ಳಲಿ. ಇವಳಿಗಾಗಿ ಮಾಡಿದ ಕಟ್ಟಳೆ ಇದು, ಅದರ ಹಿಂದೆ ಅವನು ಬಚ್ಚಿಟ್ಕೋಬೇಕಾ?"

ಹುಡುಗಿಯ ಗಂಡ ಜೈಲಿಗೆ ಹೋದ. ನೀರಮ್ಮನನ್ನು ಮತ್ತೆ ಯಾರೂ ಕರೆಯಲಿಲ್ಲ. ಯಾವ ಮನೆಯಲ್ಲಿ ಸಾವಾದರೂ ಅವಳು ಚೆಂಬು ಬೆಳಗಿ ಬಾಗಿಲ ಬಳಿ ಇಟ್ಟು ಕಾಯುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಮಗಳಿಗೆ ಅಂದು ತಾನು ಸೆರಗು ಜಗ್ಗಿದ್ದು ನೆನಪಾಗಿ ನಾಚಿಕೆಯಾಗುತ್ತಿತ್ತು.

*

"ಯಾರೂ ಬರದಿದ್ರೆ ಬೇಡ, ನಾನೊಬ್ಬಳೇ ಮಾಡ್ತೀನಿ," ಎಂದು ಮಗಳು ತೋಳು ಮಡಚಿದಳು. "ತಡವಾದ್ರೆ ಆಗಲಿ. ಆರು ವರ್ಷ ಕಾದವಳಿಗೆ ಇದೇನು ಮಹಾ!"

ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಸತ್ತ ಆ ಸೊಸೆಯ ತಾಯಿ. ಎರಡು ಬಸ್ಸು ಬದಲಿಸಿ ಬಂದವಳ ಮುಖವೆಲ್ಲ ಬೆವೆತಿತ್ತು. ಕೂತವರನ್ನು ದಾಟಿ ಸೀದಾ ಬಚ್ಚಲಿಗೆ ನಡೆದಳು.

"ನನ್ನ ಮಗಳ ಪರವಾಗಿ ಮಾತಾಡಿದ್ದು ಇವಳೊಬ್ಬಳೇ," ಎಂದಳು. "ನಾನು ತಿರುಗಿಸ್ತೀನಿ. ನೀನು ನೀರು ಹಾಕಮ್ಮ."

ಬಲಮಗ್ಗುಲು ಮೊದಲು, ಆಮೇಲೆ ಎಡ. ಮೂರನೆಯ ಸಲದ ನೀರಿಗೆ ಕರ್ಪೂರ. ನಡುವೆ ಒಮ್ಮೆ ಹೊದಿಕೆಯ ಕೆಳಗೆ ಮಗಳ ಕೈ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿ ಏನಿತ್ತೋ ಅದನ್ನು ನಾನೂ ಹೇಳುವುದಿಲ್ಲ. ಅದಕ್ಕೆ ಕಾರಣನಾದವನು ಎಂದೋ ಮಣ್ಣಾಗಿದ್ದ, ಹೇಳಿದರೆ ಉಳಿಯುವ ಜೀವ ಯಾವುದೂ ಇರಲಿಲ್ಲ. ಮಗಳು ಹೊದಿಕೆಯನ್ನು ಇನ್ನಷ್ಟು ಎಳೆದಳು. ಸದ್ದಿಲ್ಲದೆ ಅತ್ತಳು.

ಕಫನ್ ಉಡಿಸಿ ಹೊರಬಂದಾಗ ಹನ್ನೊಂದು ಕತ್ತುಗಳು ತಿರುಗಿದವು. ಬೇಕರಿಯವನ ಹೆಂಡತಿಗೆ ತಡೆಯಲಾಗಲಿಲ್ಲ.

"ಮುಖ ಹೇಗಿತ್ತು? ಏನಾದ್ರೂ ಕಂಡಿತಾ?"

"ಒಳಗೆ ಹೋಗಿ ನೋಡಿ, ಇನ್ನೂ ಮುಚ್ಚಿಲ್ಲ. ನಿದ್ದೆ ಮಾಡ್ತಿರೋ ಹಾಗಿದಾಳೆ. ಮಿಕ್ಕಿದ್ದು ಅಮ್ಮನದು, ಅಮ್ಮನ ಜೊತೆಗೇ ಹೋಗುತ್ತೆ." ಮಗಳು ಚೆಂಬಿನ ನೀರು ಚೆಲ್ಲಿ, ಅದನ್ನು ಒರೆಸಿ, ಎಲ್ಲರಿಗೂ ಕಾಣುವಂತೆ ಬಾಗಿಲ ಬಳಿ ಬೋರಲು ಹಾಕಿದಳು. "ಇನ್ನು ಮೇಲೆ ಈ ಚೆಂಬು ನಂದು. ಕರೆದ್ರೆ ಬರ್ತೀನಿ, ಕರೀದಿದ್ರೂ ಬರ್ತೀನಿ. ನಿಮ್ಮ ಮೈಮೇಲೆ ಏನಿದ್ರೂ ನನ್ನ ಬಾಯಿಂದ ಬರಲ್ಲ. ಆದ್ರೆ ಯಾರಾದ್ರೂ ಕೈ ಮಾಡಿದ್ದು ಕಂಡ್ರೆ, ಅಂಗಳದಲ್ಲಿ ನಿಂತು ಕೂಗಿ ಹೇಳ್ತೀನಿ."

ಹೊರಗೆ ಗಂಡಸರು ಜನಾಜಾ ಎತ್ತಿ ಮಸೀದಿಗೆ ಒಯ್ಯಲು ಕೆಮ್ಮಿ ಸೂಚನೆ ಕೊಟ್ಟರು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು, ಸೊಂಟ ಹಿಡಿದವರೂ ಎದ್ದರು. ಬೇಕರಿಯವನ ಹೆಂಡತಿ ಕೊನೆಗೆ ಎದ್ದು ಮಗಳ ಪಕ್ಕ ಬಂದು ನಿಂತಳು.

"ಕೂಗೋದು ಮರೀಬೇಡ ಮತ್ತೆ," ಎಂದಳು ಪಿಸುದನಿಯಲ್ಲಿ, ಮಣಿಕಟ್ಟು ಮುಚ್ಚಿದ್ದ ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಳ್ಳುತ್ತ.