ತುಕ್ರಪ್ಪಣ್ಣನ ಹಗ್ಗ, ಸೈನಬಕ್ಕನ ಮಡಕೆ

ದಾರಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಕು, ನಮ್ಮ ಕಡೆ ಬುದ್ಧಿ ಹೇಳುವವರಿಗೆ ಬರಗಾಲವಿಲ್ಲ. ಗದ್ದೆಗೆ ಹೊರಟವನು ಹಾರೆ ಕೆಳಗಿಟ್ಟು ನಿಲ್ಲುತ್ತಾನೆ. ಸಂತೆಯಿಂದ ಬರುವವನು ಚೀಲ ಇಳಿಸಿ ನಿಲ್ಲುತ್ತಾನೆ. ಒಬ್ಬ ನೂಕಿ ಅನ್ನುತ್ತಾನೆ, ಇನ್ನೊಬ್ಬ ಕಟ್ಟಿ ಎಳೆಯಿರಿ ಅನ್ನುತ್ತಾನೆ. ಹಗ್ಗ ಯಾರದ್ದೋ, ಜೀವ ಯಾರದ್ದೋ, ಹೇಳುವವನಿಗೆ ಹೋಗುವುದೇನು? ಅಂಥವರ ಮೇಲೆ ನನಗೆ ಬಹಳ ಸಿಟ್ಟುಂಟು. ಒಂದು ಕಾಲದಲ್ಲಿ ನಾನೂ ಹಾಗೇ ಹೇಳುವವನಾಗಿದ್ದೆ, ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ.

ನಾನು ತುಕ್ರಪ್ಪಣ್ಣನ ಜೊತೆ ಮರ ಎಳೆಯುತ್ತಿದ್ದ ಇಪ್ಪತ್ತು ಆಳುಗಳಲ್ಲಿ ಒಬ್ಬ. ಬೆಳ್ತಂಗಡಿ ಕಡೆಯ ಕಾಡಿನಲ್ಲಿ ಕಡಿದ ಮರವನ್ನು ನಾವು ಹಗ್ಗ ಕಟ್ಟಿ ದಾರಿಗೆ ತರುತ್ತಿದ್ದೆವು. ಅಲ್ಲಿಂದ ಲಾರಿಯಲ್ಲಿ ಮೂಡಬಿದಿರೆಯ ಮಿಲ್ಲಿಗೆ. ತುಕ್ರಪ್ಪಣ್ಣ ನಮ್ಮ ಮೇಸ್ತ್ರಿ. ಮರದ ಪಕ್ಕದಲ್ಲಿ, ಹಗ್ಗಕ್ಕೆ ಒಂದು ಮೊಳ ದೂರದಲ್ಲಿ ನಿಂತು ಅವರು "ಐಲೇಸಾ" ಎಂದು ಕೂಗಬೇಕು, ನಾವು ಒಮ್ಮೆಲೇ ಜಗ್ಗಬೇಕು. ಸಡಿಲ ಬಿಡುವುದು, ಜಗ್ಗುವುದು. ಸಡಿಲ ಬಿಡುವುದು, ಜಗ್ಗುವುದು. ಹಾಗೆ ಜಗ್ಗಿದರೆ ಎಂಥ ಮರವೂ ಹಂದುತ್ತದೆ, ಕದಲಿ ಮುಂದೆ ಬರುತ್ತದೆ. ನಲವತ್ತು ವರ್ಷ ಅವರು ಕಲಿತ ವಿದ್ಯೆ ಅದು.

ಅವರ ಹಗ್ಗವೋ, ತೆಂಗಿನ ನಾರಿನದ್ದು, ತೋಳಿನಷ್ಟು ದಪ್ಪ. ಅದಕ್ಕೆ ವರ್ಷಕ್ಕೊಮ್ಮೆ ಹೂ ಇಟ್ಟು ಕೈ ಮುಗಿಯುತ್ತಿದ್ದರು. ಯಾರಾದರೂ ಅದನ್ನು ದಾಟಿದರೆ ಬೈಗುಳದ ಮಳೆ.

ನಾಲ್ಕು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಪುತ್ತಿಗೆಯ ಹತ್ತಿರದ ಚಡಾವಿನ ಬುಡದಲ್ಲಿ ನಮ್ಮ ಲಾರಿ ಕೆಟ್ಟು ನಿಂತಿತು. ಎಂಜಿನ್ ಎರಡು ಸಲ ಕೆಮ್ಮಿತು, ಮತ್ತೆ ಸುದ್ದಿಯೇ ಇಲ್ಲ. ಮೇಲೆ ಐದು ದೊಡ್ಡ ಮರ ಹೇರಿತ್ತು. ಮುಂದೆ ನೆಟ್ಟಗೆ ಏರು, ಹಿಂದೆ ತಿರುವು, ತಿರುವಿನ ಆಚೆ ನೀರು ಹರಿಯುವ ಆಳದ ತೋಡು. ಲಾರಿಯ ಡ್ರೈವರ್ ಕುಶಾಲಪ್ಪ. ತುಕ್ರಪ್ಪಣ್ಣನ ಒಬ್ಬಳೇ ಮಗಳು ಪದ್ಮಾಕ್ಷಿಯ ಗಂಡ.

ಅಷ್ಟರಲ್ಲಿ ಮೂಡಬಿದಿರೆಯಿಂದ ನಮ್ಮ ಮಿಲ್ಲಿನ ಧಣಿಗಳ ಇನ್ನೊಂದು ಲಾರಿ ಖಾಲಿಯಾಗಿ ಬಂತು. ಅದರ ಡ್ರೈವರ್ ಧರ್ಣಪ್ಪ. ಪಕ್ಕದಲ್ಲಿ ಧಣಿಗಳ ರೈಟರ್, ಲೆಕ್ಕಪತ್ರ ನೋಡುವವರು, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಇಳಿದರು.

"ಧರ್ಣಪ್ಪನ ಲಾರಿಗೆ ಕಟ್ಟಿ ಎಳೀರಿ. ಮಳೆ ಬಂದ್ರೆ ಈ ದಾರಿ ಮುಚ್ತದೆ. ಇವತ್ತೇ ಮರ ಮಿಲ್ಲಿಗೆ ಮುಟ್ಟಬೇಕು" ಎಂದರು.

"ಅದೇನು ದೊಡ್ಡ ಸಂಗತಿ" ಎಂದು ತುಕ್ರಪ್ಪಣ್ಣ ಹಗ್ಗದ ಸುರುಳಿ ಬಿಚ್ಚಿದರು. "ಕುಶಾಲ, ನೀನು ಸ್ಟೇರಿಂಗ್ ಹಿಡಿ. ನಾನು ಕೂಗಿದ ಕೂಡಲೇ ಧರ್ಣಪ್ಪ ಲಾರಿ ಜಗ್ಗಿಸ್ಲಿ. ಎರಡು ಐಲೇಸಕ್ಕೆ ಚಡಾವಿನ ಮೇಲೆ."

ನಾವು ಇಪ್ಪತ್ತು ಜನವೂ ಹೌದು ಹೌದು ಅಂದೆವು. ನಾನು ಎಲ್ಲರಿಗಿಂತ ಗಟ್ಟಿಯಾಗಿ ಅಂದೆ.

ಕುಶಾಲಪ್ಪ ಮಾತ್ರ ಕ್ಯಾಬಿನ್ನಿನ ಬಾಗಿಲು ಹಿಡಿದು ನಿಂತ. ಹಿಂದಿನ ತಿರುವು ನೋಡಿದ, ತೋಡು ನೋಡಿದ. ಮಾವನ ಎದುರು ಅವನಿಗೆ ಮಾತು ಬರಲಿಲ್ಲ.

ಮಾತು ಬಂದದ್ದು ಚಾದಂಗಡಿಯಿಂದ.

ಚಡಾವಿನ ಬುಡದಲ್ಲಿ ಸೈನಬಕ್ಕನ ಚಾದಂಗಡಿ. ಅವರ ಗಂಡ ಇದಿನಬ್ಬ ಬ್ಯಾರಿ ಹಿಂದೆ ಲಾರಿ ಡ್ರೈವರ್ ಆಗಿದ್ದವರು. ಅವರ ಬಲಗಣ್ಣು ಇಲ್ಲ. ಯಾಕೆ ಇಲ್ಲ ಎಂದು ನಾವು ಯಾರೂ ಕೇಳಿದ್ದಿಲ್ಲ. ದಿನಾ ಚಾ ಕುಡಿದು ಹೋಗುವವರು ನಾವು, ಕೇಳಲು ಪುರುಸೊತ್ತೆಲ್ಲಿ?

ಸೈನಬಕ್ಕ ಸೌಟು ಕೈಯಲ್ಲಿ ಹಿಡಿದೇ ದಾರಿಗೆ ಬಂದರು.

"ತುಕ್ರಪ್ಪಣ್ಣ, ಆ ಹಗ್ಗ ಕಟ್ಟಬೇಡಿ."

"ಯಾಕೆ? ನಿನ್ನೆ ಇದೇ ಹಗ್ಗದಲ್ಲಿ ಆ ಮರ ಎಳೆದಿದ್ದೇವೆ ಸೈನಬ" ಎಂದು ತುಕ್ರಪ್ಪಣ್ಣ ಪಕ್ಕದ ಗುಡ್ಡದಿಂದ ನಾವು ಇಳಿಸಿ ದಾರಿ ಬದಿಯಲ್ಲಿ ಬಿಟ್ಟಿದ್ದ ದೊಡ್ಡ ಮರ ತೋರಿಸಿದರು.

"ಎಳೆದದ್ದು ಇಪ್ಪತ್ತು ಆಳು. ಈಗ ಎಳೆಯುವುದು ಲಾರಿ. ಆಳು ಜಗ್ಗಿದರೆ ಮರ ಹಂದ್ತದೆ. ಲಾರಿ ಜಗ್ಗಿದರೆ ಹಗ್ಗ ತುಂಡಾಗ್ತದೆ. ತುಂಡಾದ ಹಗ್ಗ ಸುಮ್ಮನೆ ಕೆಳಗೆ ಬೀಳ್ತದೆ ಅಂತ ಎಣಿಸಿದಿರಾ? ನಮ್ಮವರ ಕಣ್ಣು ನೋಡಿ. ಅದು ಹಗ್ಗ ಮಾಡಿದ ಕೆಲಸ."

ಎಲ್ಲರೂ ಇದಿನಬ್ಬನ ಕಡೆ ತಿರುಗಿದೆವು. ಅವರು ಬೆಂಚಿನ ಮೇಲೆ ಕೂತು ಬೀಡಿ ಎಳೆಯುತ್ತಿದ್ದರು. "ನನ್ನ ಕಣ್ಣು ಮಾತ್ರ ಹೋಯ್ತು, ಪುಣ್ಯ. ಜೊತೆಗಿದ್ದ ಕ್ಲೀನರ್ ಉಳೀಲಿಲ್ಲ" ಎಂದರು. ಅಷ್ಟೇ. ಮತ್ತೆ ಬೀಡಿ ಎಳೆದರು.

ರೈಟರಿಗೆ ತಾಳ್ಮೆ ತಪ್ಪಿತು. "ಚಾ ಮಾಡುವವರು ಚಾ ಮಾಡಿ. ಲಾರಿಯ ವಿಷಯ ನಿಮಗೆ ಯಾಕೆ?"

"ಲಾರಿ ಹಿಂದೆ ಬಂದ್ರೆ ಮೊದಲು ಹೊಡೆಯುವುದು ನನ್ನ ಅಂಗಡಿಗೆ ರೈಟ್ರೆ. ವಿಷಯ ನನ್ನದೇ."

ತುಕ್ರಪ್ಪಣ್ಣನ ಮುಖ ಕೆಂಪಾಗಿತ್ತು. "ನನ್ನ ಹಗ್ಗದ ಮರ್ಯಾದೆ ತೆಗೀಬೇಡ. ಇದನ್ನು ದಾಟ್ಲಿಕ್ಕೂ ನಾನು ಯಾರನ್ನೂ ಬಿಡುವುದಿಲ್ಲ."

"ಯಾಕೆ ಬಿಡುವುದಿಲ್ಲ?"

"ಹಿರಿಯರು ಹೇಳಿದ್ದು. ದೋಷ."

"ಬಿಗಿದ ಹಗ್ಗ ಕಚ್ತದೆ ಅಂತ ನಿಮ್ಮ ಹಿರಿಯರಿಗೆ ಗೊತ್ತಿತ್ತು. ಅದಕ್ಕೇ ದಾಟಬೇಡ ಅಂದ್ರು. ಪಕ್ಕದಲ್ಲಿ ನಿಂತು ಕೂಗು ಅಂತ ಯಾರು ಹೇಳಿದ್ರು?"

ಸೈನಬಕ್ಕ ಒಳಗೆ ಹೋಗಿ ಒಂದು ಹಳೆಯ ಮಣ್ಣಿನ ಮಡಕೆ ತಂದರು. ಒಂದು ಪೆಟ್ಟಿಗೆಯ ಮೇಲೆ ಇಟ್ಟು ಅದನ್ನು ಆ ದೊಡ್ಡ ಮರದ ಪಕ್ಕದಲ್ಲಿ ನಿಲ್ಲಿಸಿದರು. ಕೂಗುವಾಗ ತುಕ್ರಪ್ಪಣ್ಣ ನಿಲ್ಲುವ ಜಾಗವೇ ಅದು.

"ನಿಮ್ಮ ಮುಟ್ಟಾಳೆ ಕೊಡಿ" ಎಂದರು.

ತುಕ್ರಪ್ಪಣ್ಣ ತಲೆಯ ಮೇಲಿದ್ದ ಅಡಕೆ ಹಾಳೆಯ ಟೊಪ್ಪಿ ತೆಗೆದು ಕೊಟ್ಟರು. ಸೈನಬಕ್ಕ ಅದನ್ನು ಮಡಕೆಗೆ ತೊಡಿಸಿದರು. ನಮಗೆಲ್ಲ ನಗು. ಮಡಕೆ ಮೇಸ್ತ್ರಿಯ ಹಾಗೆಯೇ ಕಾಣುತ್ತಿತ್ತು, ಹೊಟ್ಟೆ ಸಮೇತ.

"ಲಾರಿಯನ್ನು ಎಳೀಬೇಡಿ. ಮೊದಲು ಈ ಮರ ಎಳೆದು ತೋರಿಸಿ. ನಿಮ್ಮದೇ ಹಗ್ಗ, ನಿಮ್ಮದೇ ಐಲೇಸ. ಆದರೆ ಜನ ಎಲ್ಲ ಅಂಗಡಿಯ ಹಿಂದೆ. ಧರ್ಣಪ್ಪ, ನಿನ್ನ ಲಾರಿಯ ಹಿಂದಿನ ಹಲಗೆ ಎತ್ತಿ ಕಟ್ಟು, ಹಗ್ಗ ಹಾರಿದ್ರೆ ನಿನಗೆ ತಾಗಬಾರದು."

"ನೋಡುವ" ಎಂದರು ತುಕ್ರಪ್ಪಣ್ಣ. "ಮಡಕೆಗೆ ಏನೂ ಆಗದಿದ್ರೆ ನಾಳೆಯಿಂದ ನಿನ್ನ ಚಾ ಕುಡಿಯುವವರಿಲ್ಲ."

ಹಗ್ಗದ ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಧರ್ಣಪ್ಪನ ಲಾರಿಗೆ. ನಾವೆಲ್ಲ ಅಂಗಡಿಯ ಹಿಂದೆ ಹೋಗಿ ಗೋಡೆಯ ಸಂದಿನಿಂದ ಇಣುಕಿದೆವು. ತುಕ್ರಪ್ಪಣ್ಣ ಅಲ್ಲಿಂದಲೇ ಕೊರಳು ಎತ್ತಿ ಕೂಗಿದರು. ಧರ್ಣಪ್ಪ ಲಾರಿ ಜಗ್ಗಿಸಿದ. ಸಡಿಲವಾಗಿದ್ದ ಹಗ್ಗ ಒಮ್ಮೆಲೇ ಬಿಗಿಯಾಯಿತು. ಮರ ಹಂದಲಿಲ್ಲ.

ಕೋವಿ ಹೊಡೆದ ಹಾಗೆ ಒಂದು ಶಬ್ದ. ನಾನು ಹಗ್ಗವನ್ನು ನೋಡಲೇ ಇಲ್ಲ. ನೋಡುವಷ್ಟರಲ್ಲಿ ಪೆಟ್ಟಿಗೆಯ ಮೇಲೆ ಮಡಕೆ ಇರಲಿಲ್ಲ.

ಚೂರುಗಳು ಗದ್ದೆಯವರೆಗೆ ಹಾರಿದ್ದವು. ಮುಟ್ಟಾಳೆ ಇಪ್ಪತ್ತು ಮಾರು ದೂರ, ಬೇಲಿಯಲ್ಲಿ ಸಿಕ್ಕಿಕೊಂಡು, ನಡುವೆ ಹರಿದು ಎರಡಾಗಿತ್ತು.

ಯಾರೂ ನಗಲಿಲ್ಲ. ಅಲ್ಲಿ ಇರಬೇಕಾಗಿದ್ದದ್ದು ತುಕ್ರಪ್ಪಣ್ಣನ ತಲೆ. ಅದು ಆ ಹರಿದ ಟೊಪ್ಪಿಯನ್ನು ನೋಡುತ್ತ ನಮ್ಮ ಜೊತೆಯಲ್ಲೇ ಇತ್ತು.

ತುಕ್ರಪ್ಪಣ್ಣ ಬೇಲಿಯ ಹತ್ತಿರ ಹೋಗಿ ಮುಟ್ಟಾಳೆ ಹೆಕ್ಕಿಕೊಂಡರು. ಅಳಿಯನ ಕಡೆ ನೋಡಿದರು. "ಇದೇ ಹಗ್ಗ ಕಟ್ಟಿ ನಿನ್ನನ್ನು ಕೂರಿಸ್ತಿದ್ದೆನಲ್ಲ ಕುಶಾಲ. ಪದ್ಮಾಕ್ಷಿಗೆ ಏನು ಹೇಳ್ತಿದ್ದೆ ನಾನು?" ಎಂದರು.

ಆಗ ಕುಶಾಲಪ್ಪನಿಗೂ ಮಾತು ಬಂತು. "ಸೈನಬಕ್ಕ, ಸರಿಯಾಗಿ ಎಳೆಯುವುದು ಹೇಗೆ? ಎಲ್ಲ ಹೇಳಿ."

ಈಗ ಇದಿನಬ್ಬ ಬೆಂಚಿನಿಂದ ಎದ್ದರು. ಒಳಗಿನಿಂದ ಎಣ್ಣೆ ಹಚ್ಚಿ ಇಟ್ಟಿದ್ದ ಕಬ್ಬಿಣದ ಸರಪಳಿ ತಂದು ದಾರಿಯಲ್ಲಿ ಹರಡಿದರು. ಒಂದೊಂದೇ ಕೊಂಡಿ ಕೈಯಲ್ಲಿ ಹಿಡಿದು ನೋಡಿದರು, ಒಂದಾದರೂ ಬಿರುಕು ಬಿಟ್ಟಿದೆಯೋ ಅಂತ.

"ಮೊದಲು ಮರ ಇಳಿಸಿ. ಹೇರಿದ ಲಾರಿಯನ್ನು ಎಳೆಯುವುದು ಅಂದ್ರೆ ಯಮನನ್ನು ಮನೆಗೆ ಕರೆದ ಹಾಗೆ" ಎಂದರು. "ಸರಪಳಿಯನ್ನು ಬಂಪರಿಗೆ ಕಟ್ಟಬಾರದು, ಕಿತ್ತು ಬರ್ತದೆ. ಅಡಿಯ ಚಾಸಿಗೆ, ಕೊಕ್ಕೆ ಇರುವಲ್ಲಿ ಹಾಕಬೇಕು. ಸರಪಳಿಯೂ ತುಂಡಾಗುವುದಿಲ್ಲ ಅಂತಿಲ್ಲ. ನಡುವೆ ಒದ್ದೆ ಗೋಣಿ ಹಾಕಿ, ತುಂಡಾದ್ರೂ ಹಾರುವ ರಭಸ ಕಡಿಮೆ ಆಗ್ತದೆ."

"ಎಂಜಿನ್ ಸತ್ತ ಲಾರಿಯ ಬ್ರೇಕನ್ನು ನಂಬಬೇಡ ಕುಶಾಲ" ಎಂದರು ಸೈನಬಕ್ಕ. "ಒಬ್ಬ ಆಳು ಪಕ್ಕದಲ್ಲಿ ನಡೀಲಿ. ಹಿಂದೆ ಅಲ್ಲ, ಪಕ್ಕದಲ್ಲಿ. ಉದ್ದ ಹಿಡಿ ಇರುವ ಮರದ ಅಡೆ ಕೈಯಲ್ಲಿ ಇರ್ಲಿ. ಲಾರಿ ನಿಂತ ಕೂಡಲೇ ಚಕ್ರದ ಹಿಂದೆ ಕೊಡ್ಲಿ. ಎರಡು ಲಾರಿಯ ನಡುವೆ ನಾಯಿಯೂ ಹೋಗಬಾರದು."

"ಮತ್ತೆ ಈ ಐಲೇಸ?" ಎಂದು ತುಕ್ರಪ್ಪಣ್ಣ ಮೆಲ್ಲ ಕೇಳಿದರು.

"ಐಲೇಸ ಮರಕ್ಕೆ ಇಟ್ಟುಕೊಳ್ಳಿ ಮಾರಾಯ್ರೆ. ಲಾರಿಗೆ ಜಗ್ಗಾಟ ಬೇಡ. ಮೊದಲು ಸರಪಳಿ ನೆಟ್ಟಗಾಗುವವರೆಗೆ ಇಂಚಿಂಚು ಹೋಗಬೇಕು. ಮತ್ತೆ ಆಳು ನಡೆಯುವ ವೇಗ. ಒಂದು ಹಾರ್ನ್ ಅಂದ್ರೆ ನಿಲ್ಲಿಸು, ಎರಡು ಅಂದ್ರೆ ಹೊರಡು. ಇಬ್ಬರು ಡ್ರೈವರೂ ಮೊದಲೇ ಮಾತಾಡಿಕೊಳ್ಳಬೇಕು."

ಧರ್ಣಪ್ಪ ಕೇಳಿದ, "ಚಡಾವು ಹತ್ತಿ ಆಚೆ ಇಳಿಯುವಾಗ?"

"ಇಳಿಯುವಾಗ ಸರಪಳಿ ಆಗ್ಲಿಕ್ಕಿಲ್ಲ" ಎಂದರು ಇದಿನಬ್ಬ. "ಹಿಂದಿನದ್ದು ಬಂದು ನಿನ್ನ ಬೆನ್ನಿಗೆ ಗುದ್ತದೆ. ಎರಡು ಲಾರಿಯ ನಡುವೆ ಸಿಕ್ಕಿಸುವ ಕಬ್ಬಿಣದ ಸಲಾಕೆ ಇದ್ರೆ ಎಳೀಬಹುದು, ಅದು ಬಗ್ಗುವುದಿಲ್ಲ. ಇಲ್ಲದಿದ್ರೆ ಮೇಲೆ ಸಮತಟ್ಟಿನಲ್ಲಿ ನಿಲ್ಲಿಸಿ ಗ್ಯಾರೇಜಿನವರನ್ನು ಕರೆಯುವುದು."

ರೈಟರು ಕೊಡೆಯಿಂದ ನೆಲ ಕುಟ್ಟಿದರು. "ಪಾಠ ಮುಗೀತಾ? ಸರಪಳಿ ಕಟ್ಟಿ, ಆಗ್ಲಿ. ಆದರೆ ಮರ ಇಳಿಸ್ಲಿಕ್ಕೆ ಹೊತ್ತಿಲ್ಲ. ಹೇರಿದ್ದು ಹೇರಿದ ಹಾಗೆಯೇ ಎಳೀರಿ."

"ಇಳಿಸದೆ ನಾನು ಸ್ಟೇರಿಂಗ್ ಹಿಡಿಯುವುದಿಲ್ಲ" ಎಂದ ಕುಶಾಲಪ್ಪ.

"ನೀನಲ್ಲದಿದ್ರೆ ಇನ್ನೊಬ್ಬ. ಮೂಡಬಿದಿರೆಯಲ್ಲಿ ಡ್ರೈವರುಗಳಿಗೆ ಬರಗಾಲವಾ? ತುಕ್ರಪ್ಪ, ನಿನ್ನ ಅಳಿಯನಿಗೆ ಬುದ್ಧಿ ಹೇಳು. ಇಲ್ಲದಿದ್ರೆ ನಾಳೆಯಿಂದ ನಿನ್ನ ಆಳುಗಳೂ ಬೇಡ."

ನಲವತ್ತು ವರ್ಷ ಧಣಿಗಳ ಎದುರು ತಲೆ ಎತ್ತದ ಮನುಷ್ಯ ತುಕ್ರಪ್ಪಣ್ಣ. ರೈಟರು ಹೂಂ ಅಂದರೆ ಹಗ್ಗ, ಊಹೂಂ ಅಂದರೆ ಮನೆ. ಅವರು ಹರಿದ ಮುಟ್ಟಾಳೆಯನ್ನು ಹಾಗೆಯೇ ತಲೆಗೆ ಇಟ್ಟುಕೊಂಡು ರೈಟರ ಎದುರು ಬಂದು ನಿಂತರು.

"ನಾಳೆಯಿಂದ ಯಾಕೆ ರೈಟ್ರೆ? ಇವತ್ತಿನಿಂದಲೇ ಬೇಡ. ಇನ್ನೊಬ್ಬ ಡ್ರೈವರನ್ನು ಕರ್ಕೊಂಡು ಬನ್ನಿ. ಅವನನ್ನೂ ನಾನು ಕೂರ್ಲಿಕ್ಕೆ ಬಿಡುವುದಿಲ್ಲ. ಅವನೂ ಯಾರದ್ದಾದರೂ ಅಳಿಯನೇ."

"ಧಣಿಗಳಿಗೆ ನಾನು ಏನು ಹೇಳ್ಲಿ?"

"ತುಕ್ರಪ್ಪ ಆಗುವುದಿಲ್ಲ ಅಂದ ಅಂತ ಹೇಳಿ."

ಅಷ್ಟು ಹೇಳಿ ಅವರು ದಾರಿಯ ನಡುವೆ, ಎರಡು ಲಾರಿಗಳ ಮುಂದೆ ಕೂತುಬಿಟ್ಟರು. ಕುಶಾಲಪ್ಪ ಪಕ್ಕದಲ್ಲಿ ಕೂತ. ಧರ್ಣಪ್ಪ ಲಾರಿಯ ಕೀ ಕಿಸೆಗೆ ಹಾಕಿಕೊಂಡು ಕೂತ. ನಾವು ಇಪ್ಪತ್ತು ಜನ ಮುಖ ಮುಖ ನೋಡಿಕೊಂಡೆವು, ನಾವೂ ಕೂತೆವು. ಸೈನಬಕ್ಕ ಎಲ್ಲರಿಗೂ ಚಾ ಕೊಟ್ಟರು. ರೈಟರಿಗೂ ಕೊಟ್ಟರು, ಸ್ವಲ್ಪ ಸಕ್ಕರೆ ಕಡಿಮೆ ಹಾಕಿ.

ಚಾ ಮುಗಿಯುವವರೆಗೆ ರೈಟರು ಆಚೆ ಈಚೆ ನಡೆದರು. ಆಕಾಶ ನೋಡಿದರು, ನಮ್ಮನ್ನು ನೋಡಿದರು. ಮರ ಇಳಿಸುವವರೂ ನಾವೇ, ಏರಿಸುವವರೂ ನಾವೇ. ಅವರ ಕೊಡೆ ಅದನ್ನು ಮಾಡಲಾರದು.

"ಬೇಗ ಇಳಿಸಿ ಮತ್ತೆ" ಎಂದರು ಕೊನೆಗೆ, ಬೇರೆ ಕಡೆ ನೋಡಿಕೊಂಡು.

ಐದು ಮರವನ್ನೂ ಇಳಿಸಿದೆವು. ತುಂಡಾದ ಹಗ್ಗದಲ್ಲಿ ಉಳಿದದ್ದು ಆ ಕೆಲಸಕ್ಕೆ ಧಾರಾಳ ಸಾಕಾಯಿತು. ಸರಪಳಿ ಹಾಕಿ, ಒದ್ದೆ ಗೋಣಿ ಹೊದೆಸಿ, ಎರಡೂ ಲಾರಿಗೆ ಕೆಂಪು ಬಟ್ಟೆ ಕಟ್ಟಿದೆವು. ಅಡೆ ಹಿಡಿದು ಪಕ್ಕದಲ್ಲಿ ನಡೆದವನು ನಾನು. ಎರಡು ಹಾರ್ನ್ ಕೇಳಿತು. ಸರಪಳಿ ಮೆಲ್ಲ ನೆಟ್ಟಗಾಯಿತು, ಲಾರಿ ಮೆಲ್ಲ ಹಂದಿತು. ಚಡಾವಿನ ನಡುವೆ ಒಂದು ಸಲ ಧರ್ಣಪ್ಪನ ಎಂಜಿನ್ ನಿಂತಿತು. ಕುಶಾಲಪ್ಪನ ಲಾರಿ ಒಂದು ಗೇಣು ಹಿಂದೆ ಬಂತು. ನಾನು ಅಡೆ ಕೊಟ್ಟೆ. ನಿಂತಿತು. ಖಾಲಿ ಲಾರಿಯಾದ್ದರಿಂದ ನಿಂತಿತು. ಮರ ಇಳಿಸದೇ ಇದ್ದರೆ ಆ ಅಡೆಯೂ ನಾನೂ ಒಟ್ಟಿಗೆ ತೋಡಿನಲ್ಲಿರುತ್ತಿದ್ದೆವು.

ಲಾರಿಯನ್ನು ಮೇಲೆ ಸಮತಟ್ಟಿನಲ್ಲಿ ನಿಲ್ಲಿಸಿ ಗ್ಯಾರೇಜಿನವರನ್ನು ಕರೆಸಿದೆವು. ಮರ ಎರಡು ದಿನ ತಡವಾಗಿ ಮಿಲ್ಲಿಗೆ ಮುಟ್ಟಿತು. ಮಿಲ್ಲು ಮುಳುಗಲಿಲ್ಲ. ಧಣಿಗಳು ನಮ್ಮನ್ನು ಬಿಡಿಸಲೂ ಇಲ್ಲ. ಕುಶಾಲಪ್ಪ ಅಂದು ಸಂಜೆ ಮನೆಗೆ ಹೋಗಿ ಉಂಡ. ಪದ್ಮಾಕ್ಷಿ ಅಪ್ಪನ ಹರಿದ ಮುಟ್ಟಾಳೆ ನೋಡಿ, ಕಥೆ ಕೇಳಿ, ಇಬ್ಬರನ್ನೂ ಸಮಾ ಬೈದಳು. ಮರುದಿನ ತಾನೇ ಹೊಸ ಮಡಕೆ ಹಿಡಿದುಕೊಂಡು ಸೈನಬಕ್ಕನ ಅಂಗಡಿಗೆ ಹೋದಳು.

ಆ ಮುಟ್ಟಾಳೆ ಈಗ ಚಾದಂಗಡಿಯ ಕಂಬದಲ್ಲಿ ತೂಗುತ್ತಿದೆ. ಹೊಸ ಡ್ರೈವರುಗಳು ಅದೇನೆಂದು ಕೇಳುತ್ತಾರೆ. ತುಕ್ರಪ್ಪಣ್ಣ ಅಲ್ಲಿದ್ದರೆ ಅವರೇ ಹೇಳುತ್ತಾರೆ, "ನನ್ನ ತಲೆ ಅದು."

ಲಾರಿ ಓಡಿಸುವ ಅಣ್ಣಂದಿರೇ, ಮರ ಹೇರುವವರೇ, ಕಲ್ಲು ಸಾಗಿಸುವವರೇ, ನಿಮ್ಮ ಗಾಡಿಯಲ್ಲಿ ಒಳ್ಳೆಯ ಸರಪಳಿ ಉಂಟೋ? ಉದ್ದ ಹಿಡಿಯ ಅಡೆ ಉಂಟೋ? ಓದುವುದನ್ನು ನಿಲ್ಲಿಸಿ ಈಗಲೇ ಹೋಗಿ ನೋಡಿ ಬನ್ನಿ. ಎಳೆಯುವ ಮೊದಲು ಹೇರಿದ್ದನ್ನು ಇಳಿಸಿ. ಬಿಗಿದ ಹಗ್ಗದ ಹತ್ತಿರ ಯಾರನ್ನೂ ನಿಲ್ಲಿಸಬೇಡಿ, ನೀವೂ ನಿಲ್ಲಬೇಡಿ. ಹೊತ್ತಾಯಿತು, ಹಾಗೆಯೇ ಎಳೆ ಎಂದು ಯಾರೇ ಹೇಳಲಿ, ರೈಟರೇ ಹೇಳಲಿ, ಧಣಿಗಳೇ ಹೇಳಲಿ, ಆಗುವುದಿಲ್ಲ ಅನ್ನಿ. ಒಬ್ಬರ ದನಿ ಸಾಲದಿದ್ದರೆ ಎಲ್ಲರೂ ಸೇರಿ ದಾರಿಯಲ್ಲಿ ಕೂತುಕೊಂಡು ಅನ್ನಿ. ಪದ್ಮಾಕ್ಷಿ ಹೊಸ ಮಡಕೆ ತಂದದ್ದು ಸಂತೆಯಿಂದ. ತಲೆ ಮಾತ್ರ ಯಾವ ಸಂತೆಯಲ್ಲೂ ಸಿಗುವುದಿಲ್ಲ.