ನಾನು ಅಂದ ಹೂಂ

ನಾನು ಬಾಯಿ ತೆಗೆದರೆ ಕೆರೆ ಏರಿಯ ಮೇಲೆ ಹೋಗುವವರಿಗೂ ಎರಡನೇ ಕ್ಲಾಸಿನ ಪಾಠ ಬಾಯಿಪಾಠವಾಗುತ್ತದೆ ಎಂದು ನಮ್ಮ ಹೆಡ್‌ಮಾಸ್ಟರ್ ಲಕ್ಷ್ಮೀನರಸಿಂಹಯ್ಯನವರು ತಮಾಷೆ ಮಾಡುತ್ತಿದ್ದರು. ತಮಾಷೆಯೇನು ಬಂತು, ನಿಜವೇ. ಕಡಬದ ಸರ್ಕಾರಿ ಶಾಲೆಯಲ್ಲಿ ನನ್ನ ಗಂಟಲಿಗೆ ಅಷ್ಟು ಹೆಸರಿತ್ತು. ಅಂಥ ನಾನು ಫೋನಿನಲ್ಲಿ ಗಂಡನ ಜೊತೆ ನಾಲ್ಕು ವರ್ಷ ಆಡಿದ್ದು ಹೆಚ್ಚುಕಡಿಮೆ ಒಂದೇ ಮಾತು. ಹೂಂ.

ನನ್ನ ಗಂಡ ಗೋವಿಂದರಾಜು ಆಗ ಮಸ್ಕತ್‌ನಲ್ಲಿದ್ದರು. ಸೆಂಟ್ರಿಂಗ್ ಕೆಲಸಕ್ಕೆ, ಅಂದರೆ ಆರ್‌ಸಿಸಿ ಹಾಕುವ ಮುಂಚೆ ಹಲಗೆ ಕಟ್ಟುವ ಕೆಲಸಕ್ಕೆ ಹೋದವರು, ಆಮೇಲೆ ತಾವೇ ಆಳುಗಳನ್ನು ಕಟ್ಟಿಕೊಂಡು ಒಬ್ಬ ಅರಬಿಯ ಹತ್ತಿರ ಕಂಟ್ರಾಕ್ಟ್ ಹಿಡಿದಿದ್ದರು. ಇಲ್ಲಿ ತುಮಕೂರಿನ ಶಿರಾ ಗೇಟ್ ಹತ್ತಿರ ಬಾಡಿಗೆ ಮನೆಯಲ್ಲಿ ನಾನು, ನಾಲ್ಕು ವರ್ಷದ ಮಗಳು, ನಮ್ಮತ್ತೆ ಚಿಕ್ಕಮಾರಮ್ಮ. ಮನೆಗೆ ಫೋನಿರಲಿಲ್ಲ. ಬೀದಿ ಕೊನೆಯ ಗುಲಾಮ್ ನಬಿ ಸಾಬರ ಹಾಸಿಗೆ ಅಂಗಡಿಯಲ್ಲಿತ್ತು. ಶುಕ್ರವಾರ ಮಸ್ಕತ್‌ನಲ್ಲಿ ರಜ, ಸಂಜೆ ಇವರ ಫೋನು ಬರುತ್ತಿತ್ತು. ನಾವು ಮೂವರೂ ತಲೆ ಬಾಚಿಕೊಂಡು ಹೋಗಿ ಹತ್ತಿಯ ಮೂಟೆಗಳ ಮೇಲೆ ಕೂರುತ್ತಿದ್ದೆವು.

ಮೊದಲು ಅತ್ತೆಯ ಸರದಿ. ಕುಣಿಗಲ್ಲಿನಲ್ಲಿರುವ ದೊಡ್ಡ ಮಗ ಕಾಳಯ್ಯನ ಹಸು ಕರು ಹಾಕಿದ್ದರಿಂದ ಹಿಡಿದು ಪಕ್ಕದ ಮನೆಯವರ ನಲ್ಲಿ ಜಗಳದವರೆಗೆ ಎಲ್ಲ ವರದಿಯಾಗಬೇಕು. ಕೊನೆಗೆ ಉಳಿದ ಚೂರುಪಾರು ಹೊತ್ತು ನನಗೆ. ಅತ್ತೆ ಆಗಲೂ ನನ್ನ ಮಗ್ಗುಲಲ್ಲೇ. ಎದುರಿಗೆ ಮದುವೆ ಹಾಸಿಗೆಗೆ ಚೌಕಾಶಿ ಮಾಡುವ ಗಿರಾಕಿಗಳು. ಸಾಲದ್ದಕ್ಕೆ ಆ ಫೋನಿನ ಲೈನು ಬೇರೆ. ನಾನು ಆಡಿದ ಮಾತು ನನಗೇ ತಿರುಗಿ ಕೇಳಿಸಿ, ಅಷ್ಟರಲ್ಲಿ ಅವರು ಮಾತು ಶುರು ಮಾಡಿ, ಇಬ್ಬರದೂ ಕಲಸುಮೇಲೋಗರವಾಗುತ್ತಿತ್ತು. ಹೀಗಾಗಿ ಅವರು ಹೇಳುವುದು, ನಾನು ಹೂಂಗುಟ್ಟುವುದು ಅಭ್ಯಾಸವಾಗಿಬಿಟ್ಟಿತು.

ನಾಲ್ಕನೇ ವರ್ಷದ ಜನವರಿಯಲ್ಲಿ ಒಂದು ಶುಕ್ರವಾರ ಅವರ ದನಿಯಲ್ಲಿ ಏನೋ ಸಡಗರ.

"ಅರುಣಾ, ಕೇಳು. ಅರಬಿ ಮೂರ್ ವರ್ಷಕ್ಕೆ ಅಗ್ರಿಮೆಂಟ್ ಮಾಡ್ಕೋ ಅಂತವ್ನೆ."

"ಹೂಂ."

"ಇನ್ಮೇಲೆ ಫ್ಯಾಮಿಲಿ ವೀಸಾ ಸಿಗ್ತದೆ. ನೀನು, ಪಾಪು ಬಂದ್ಬುಡಿ. ಒಬ್ನೇ ಇದ್ದು ಇದ್ದು ಸಾಕಾಗೋಗದೆ ಕಣೇ."

"ಹೂಂ."

"ನಿನ್ ಸ್ಕೂಲ್ ಕೆಲ್ಸ ಬುಟ್ಬುಡು. ಅವ್ವ ಕಾಳಣ್ಣನ ಮನೇಲಿರ್ಲಿ. ಏನಂತೀಯ?"

ಅಷ್ಟರಲ್ಲಿ ಅತ್ತೆ ನನ್ನ ಸೆರಗು ಜಗ್ಗಿ, "ಸರ್ಯಾಗ್ ಉಣ್ತವ್ನಾ ಕೇಳೇ" ಎಂದರು. ನಾನು ಅವರಿಗೂ ಇವರಿಗೂ ಸೇರಿಸಿ ಇನ್ನೊಂದು ಹೂಂ ಅಂದೆ. ಲೈನು ಕಟ್ ಆಯಿತು.

ನೀವೇ ಹೇಳಿ. ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟುವುದಿಲ್ಲವೇ? ರಾಕ್ಷಸ ರಾಜಕುಮಾರಿಯನ್ನು ಹೊತ್ತುಕೊಂಡು ಹೋದ ಎಂದರೂ ಹೂಂ ಅನ್ನುತ್ತವೆ. ಅಂದರೆ ಮಕ್ಕಳು ರಾಕ್ಷಸನ ಪಾರ್ಟಿ ಎಂದು ಅರ್ಥವೇ? ಕೇಳಿಸುತ್ತಿದೆ, ಮುಂದೆ ಹೇಳು ಅಂತ ತಾನೇ? ಮುಂದಿನ ವಾರ ನಿಧಾನವಾಗಿ ಮಾತಾಡಿದರಾಯಿತು ಎಂದುಕೊಂಡು ನಾನು ಮನೆಗೆ ಬಂದೆ.

ಮುಂದಿನ ವಾರ ಫೋನು ಕಿವಿಗಿಟ್ಟುಕೊಂಡ ಅತ್ತೆಯ ಮುಖ ನೋಡನೋಡುತ್ತಲೇ ಕಪ್ಪಿಟ್ಟಿತು. ರಿಸೀವರನ್ನು ಕೈಯಲ್ಲಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದರು.

"ಏನೇ, ಮಸ್ಕತ್‌ಗೆ ಒಂಟ್ಯಂತೆ? ಒಪ್ಕೊಂಡ್ಯಂತೆ? ಮನೆ ಬೇರೆ ಹಿಡಿದವ್ನಂತೆ! ಒಂದೇ ಮನೇಲಿದ್ದು ನನ್ಗೊಂದ್ ಮಾತ್ ಹೇಳ್ನಿಲ್ವಲ್ಲೇ ನೀನು?"

"ಅತ್ತೆ, ನಾನು ಒಪ್ಕೊಂಡಿಲ್ಲ."

"ಅಂಗಾರೆ ನನ್ ಮಗ ಸುಳ್ಳು ಯೋಳ್ತಾನಾ?"

ಫೋನು ಕಸಿದುಕೊಂಡು, "ರೀ, ಯಾರ್ರೀ ಒಪ್ಪಿದ್ದು?" ಎಂದೆ. "ನೀನೇ ಹೂಂ ಅಂದ್ಯಲ್ಲ, ಮೂರ್ ಸಲ ಅಂದೆ" ಎಂದರು. ನನ್ನ ಮಾತು, ಅವರ ಮಾತು, ನನ್ನ ಮಾತಿನ ಪ್ರತಿಧ್ವನಿ ಎಲ್ಲ ಒಂದರ ಮೇಲೊಂದು ಬಿದ್ದವು. ಕೊನೆಗೆ ಕೇಳಿಸಿದ್ದು ಇಷ್ಟು: ಬರುವ ಗುರುವಾರ ಅಗ್ರಿಮೆಂಟಿಗೆ ಸೈನು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ ಮಗಳಿಗೆ ಮಂಚ ಕೂಡ ಕೊಂಡಾಗಿತ್ತು.

ಮಂಚದ ಸುದ್ದಿ ಕೇಳಿ ನನಗೆ ಅಳು ಬಂತು. ಅವರ ಮೇಲೆ ಸಿಟ್ಟಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಗಂಡಸು ಒಬ್ಬನೇ ಅಂಗಡಿಗೆ ಹೋಗಿ, ಎರಡೇ ಸಲ ನೋಡಿದ ಮಗಳ ಎತ್ತರ ಕೈಯಲ್ಲಿ ತೋರಿಸಿ ಮಂಚ ಆರಿಸಿದ್ದನ್ನು ನೆನೆದರೆ ಸಿಟ್ಟು ಉಳಿಯುತ್ತಿರಲಿಲ್ಲ. ನನಗೂ ಅವರ ಜೊತೆ ಇರಬೇಕೆಂಬ ಆಸೆ ಇರಲಿಲ್ಲವೇ? ಹೊಟ್ಟೆ ತುಂಬ ಇತ್ತು. ಆದರೆ ಈ ಕೆಲಸ ಎರಡು ಸಲ ಲಿಸ್ಟಿನಲ್ಲಿ ಹೆಸರು ತಪ್ಪಿ ಮೂರನೇ ಸಲಕ್ಕೆ ಸಿಕ್ಕಿದ್ದು. ಪ್ರೊಬೇಷನ್ ಮುಗಿದಿರಲಿಲ್ಲ. ಈಗ ಬಿಟ್ಟರೆ ಬಿಟ್ಟ ಹಾಗೇ. ಹೋದರೆ ಕೆಲಸ ಇಲ್ಲ, ಹೋಗದಿದ್ದರೆ ಇನ್ನು ಮೂರು ವರ್ಷ ಗಂಡನಿಲ್ಲ. ಅತ್ತ ದರಿ, ಇತ್ತ ಪುಲಿ.

ಆ ವಾರ ಮನೆಯಲ್ಲಿ ಅತ್ತೆ ಮಾತು ಬಿಟ್ಟರು. ಮಾತು ಬಿಟ್ಟರೂ ಬಾಯಿ ಬಿಡಲಿಲ್ಲ. ನನಗೆ ಕೇಳಿಸಲೆಂದೇ ಒಲೆಗೆ, ಬೆಕ್ಕಿಗೆ, ಗೋಡೆಗೆ ಹೇಳುತ್ತಿದ್ದರು. "ನಾನೇನು, ಕುಣಿಗಲ್‌ಗೋಗಿ ಇರ್ತೀನಿ ಬುಡು. ಯೋಳೋಕೆ ಕೇಳೋಕೆ ನಾನ್ಯಾರು?" ಬೀದಿಯವರು ಕಂಗ್ರಾಟ್ಸ್ ಎಂದರು. ಗುಬ್ಬಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಸಹ ಕೇಳಿದ. ಮಂಗಳವಾರ ಹೆಡ್‌ಮಾಸ್ಟರು ಕರೆದು, "ಏನಮ್ಮಾ ಅರುಣಾ, ಹೋಗೋದಾದ್ರೆ ಮುಂಚೆ ಹೇಳಿಬಿಡಿ. ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನ ಕೇಳ್ಬೇಕು" ಎಂದರು. ಅವರದೇನೂ ತಪ್ಪಿಲ್ಲ. ಆದರೆ 'ನಿಮ್ಮ ಜಾಗ' ಎಂದರಲ್ಲ, ಅದು ಎದೆಗೆ ನಾಟಿತು. ಮನೆ ಅವರು ಹಿಡಿದದ್ದು, ಮಗಳು ಇಬ್ಬರದು, ಅಡುಗೆಮನೆ ಅತ್ತೆಯದು. ನನ್ನದು ಎನ್ನುವ ಜಾಗ ಆ ಬೋರ್ಡಿನ ಮುಂದಿನದೊಂದೇ.

ಬುಧವಾರ ಶಾಲೆ ಬಿಟ್ಟವಳು ಮನೆಗೆ ಹೋಗದೆ ನೇರ ಹಾಸಿಗೆ ಅಂಗಡಿಗೆ ಹೋದೆ. ಗುಲಾಮ್ ನಬಿ ಸಾಬರು ದಪ್ಪ ಸೂಜಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದವರು ತಲೆಯೆತ್ತಿದರು.

"ಟೀಚರಮ್ಮಾ, ಇವತ್ತು ಶುಕ್ರವಾರ ಅಲ್ವಲ್ಲ?"

"ಗೊತ್ತು ಸಾಬರೇ. ಮಸ್ಕತ್‌ಗೆ ನೀವೇ ಒಂದು ಕಾಲ್ ಹಾಕ್ಕೊಡಿ. ನಾನು ಮಾತಾಡ್ಬೇಕು. ನಾನು."

ಅವರು ನನ್ನ ಮುಖ ನೋಡಿದರು. ಅಷ್ಟು ವರ್ಷದ ನನ್ನ ಹೂಂಗಳನ್ನೆಲ್ಲ ಕೇಳಿಸಿಕೊಂಡ ಮನುಷ್ಯ. ನಂಬರು ತಿರುಗಿಸಿ, ರಿಸೀವರು ನನ್ನ ಕೈಗೆ ಕೊಟ್ಟು, ದಿಂಬು ಕೊಳ್ಳಲು ಬಂದಿದ್ದ ಗಂಡಹೆಂಡಿರಿಗೆ "ಅರ್ಧ ಗಂಟೆ ಬಿಟ್ಟು ಬನ್ನಿ ಸಾರ್, ದಿಂಬೇನು ಓಡೋಗಲ್ಲ" ಎಂದು ಅವರನ್ನೂ ಎಬ್ಬಿಸಿಕೊಂಡು ಹೊರಗೆ ಹೋದರು. ಷಟರನ್ನು ಅರ್ಧ ಎಳೆದರು.

ಆ ಕಡೆ ಯಾರೋ ಹೋಗಿ ಇವರನ್ನು ಕಟ್ಟಡದ ಮೇಲಿಂದ ಕರೆದುಕೊಂಡು ಬಂದರು. ಏದುಸಿರು. "ಅರುಣಾ? ಏನಾಯ್ತು? ಅವ್ವಂಗೇನಾರ...?"

"ಯಾರಿಗೂ ಏನೂ ಆಗಿಲ್ಲ. ನಾನು ಮಾತಾಡ್ತೀನಿ. ಮುಗಿಯೋವರ್ಗೂ ನೀವು ಮಧ್ಯ ಬಾಯಿ ಹಾಕ್ಬೇಡಿ, ಲೈನ್ ಕಲಸೋಗುತ್ತೆ."

ಆಮೇಲೆ ನಾನು ಮಾತಾಡಿದೆ. ಮೊದಮೊದಲು ನಾಲಿಗೆ ತೊದಲಿತು, ಆಮೇಲೆ ಕ್ಲಾಸಿನ ಗಂಟಲು ಬಂತು. "ನನ್ ಹೂಂ ಒಪ್ಪಿಗೆ ಅಲ್ಲಾರೀ, ಕೇಳಿಸ್ತಾ ಇದೆ ಅಂತ. ನಂಗೆ ನೀವೂ ಬೇಕು, ಕೆಲ್ಸಾನೂ ಬೇಕು. ಒಂದ್ ಬಿಟ್ಟು ಒಂದ್ ತಗೋ ಅಂದ್ರೆ ಆಗಲ್ಲ. ಬೇಸ್ಗೆ ರಜಕ್ಕೆ ಪಾಪುನ ಕರ್ಕೊಂಡು ಬರ್ತೀನಿ. ಡಿಪಾರ್ಟ್‌ಮೆಂಟಲ್ಲಿ ಪರ್ಮಿಶನ್ ಕೇಳ್ತೀನಿ. ರಜ ಮುಗಿದ್ಮೇಲೆ ವಾಪಸ್ ಬರ್ತೀನಿ, ದಸರಾಕ್ಕೆ ನೀವ್ ಬನ್ನಿ. ಆದ್ರೆ ಹಿಂಗೇ ಮೂರ್ ವರ್ಷ ನನ್ ಕೈಲಾಗಲ್ಲ. ನಿಮ್ ಮಗಳು ಬೀದಿಲಿ ಯಾರ್ ಸೆಂಟ್ರಿಂಗ್ ಹಲಗೆ ಹೊತ್ಕೊಂಡ್ ಹೋದ್ರೂ ನಮ್ಮಪ್ಪನ್ ಹಲಗೆ ಅಂತಾಳೆ. ನಂಗೂ ನಿಮ್ಮನ್ನ ನೋಡ್ಬೇಕು ಅನ್ಸುತ್ತೆ. ತುಂಬಾ ಅನ್ಸುತ್ತೆ. ಇದನ್ನ ಅತ್ತೆ ಮುಂದೆ, ಗಿರಾಕಿ ಮುಂದೆ ಹೆಂಗ್ರೀ ಹೇಳ್ಲಿ?"

ಆ ಕಡೆಯಿಂದ ಮೂಗು ಸೇದಿದ ಸದ್ದು.

"ನಾಲ್ಕ್ ವರ್ಷ ಯಾಕ್ ಹೇಳ್ಲಿಲ್ಲ ಅರುಣಾ?"

"ನೀವು ಕೇಳ್ಳಿಲ್ಲ. ಹೇಳಿದ್ರಿ, ಅಷ್ಟೇ."

"ಏನಂತೀಯ ಅಂತ ಕೇಳಿದ್ನಲ್ಲೇ."

"ಮನೆ ಹಿಡಿಯೋಕೆ ಮುಂಚೆ ಉತ್ತರಕ್ಕೆ ಕಾಯ್ಬೇಕಿತ್ತು."

ಅವರು ನಕ್ಕರು. ನಗುವೋ ಅಳುವೋ, ಆ ದರಿದ್ರ ಲೈನಿನಲ್ಲಿ ಸರಿಯಾಗಿ ತಿಳಿಯಲಿಲ್ಲ. "ಬೇಸ್ಗೆಲಿ ಇಲ್ಲಿ ಹಂಚಿನ್ ಮೇಲ್ ಕೂತಂಗಿರ್ತದೆ ಕಣೇ" ಎಂದರು. "ನಿಮ್ಮನ್ನ ಕಟ್ಕೊಂಡೋಳಿಗೆ ಬಿಸ್ಲೇನ್ ಹೊಸದಾ?" ಎಂದೆ. ಇಷ್ಟು ವರ್ಷದಲ್ಲಿ ಫೋನಿನಲ್ಲಿ ನಾನು ಮಾಡಿದ ಮೊದಲ ತಮಾಷೆ ಅದು.

ಆಮೇಲೆ ಅವರೇ ಹೇಳಿದರು. "ಮೂರ್ ವರ್ಷದ್ದು ಬೇಡ ಅಂತೀನಿ. ಈಗ ಏಳ್ತಿರೋ ಬಿಲ್ಡಿಂಗ್ ಒಂದು ಮುಗಿಸ್ಕೊಡ್ತೀನಿ, ಒಂದ್ ವರ್ಷ ಹಿಡೀಬೌದು. ಆಮೇಲೆ ತುಮಕೂರಲ್ಲೇ ನೋಡೋಣ. ಶೆಟ್ಟಿಹಳ್ಳಿ ಕಡೆ ಮನೆಗಳು ಏಳ್ತಾ ಅವೆ ಅಂತಾರೆ, ಅವ್ಕೂ ಸೆಂಟ್ರಿಂಗ್ ಬೇಕಲ್ಲ. ಆಗ್ಬೌದಾ? ನೀನ್ ಹೇಳಿದ್ಮೇಲೇನೇ ನಾಳೆ ಅರಬಿ ಹತ್ರ ಹೋಗ್ತೀನಿ."

"ಆಗ್ಬೌದು ಕಣ್ರೀ. ನಂಗೆ ಒಪ್ಗೆ" ಎಂದೆ, ಒಂದೊಂದು ಅಕ್ಷರ ಬಿಡಿಸಿ, ಡಿಕ್ಟೇಷನ್ ಕೊಡುವ ಹಾಗೆ.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಫೋನು ಮಾಡಿಸಿದ್ದು, ಅವರನ್ನು ಕರೆಯದೆ ಒಬ್ಬಳೇ ಹೋದದ್ದು, ಯಾಕೆ ಬಿಟ್ಟು ಹೋದೆ ಎನ್ನುವುದನ್ನೂ. ಅವರು ರಾಗಿ ಕೇರುತ್ತಿದ್ದ ಮೊರ ನಿಲ್ಲಿಸಲಿಲ್ಲ. ಕೇರುತ್ತಲೇ, "ಅವ್ನಿಗೆ ಎರಡ್ ತಿಂಗ್ಳಾದ್ರೂ ಬಿಸಿ ಮುದ್ದೆ ಮಾಡಿಕ್ಕಿ ಬಾ" ಎಂದರು. ಒಲೆಗಲ್ಲ, ಬೆಕ್ಕಿಗಲ್ಲ, ನನಗೇ.

ಶುಕ್ರವಾರ ಬಂತು. ಅತ್ತೆ ಎಂದಿನಂತೆ ಮೊದಲು ಫೋನು ತೆಗೆದುಕೊಂಡರು. ಅರಬಿ ಮುಖ ಗಂಟು ಹಾಕಿಕೊಂಡೇ ಒಂದು ವರ್ಷಕ್ಕೆ ಒಪ್ಪಿದನೆಂದು ಅವರಿಂದಲೇ ಅಂಗಡಿಗೆಲ್ಲ ಗೊತ್ತಾಯಿತು. ಆಮೇಲೆ ಕರುವಿನ ಸುದ್ದಿ ಶುರುವಾಗಿ ಅರ್ಧಕ್ಕೆ ನಿಂತಿತು. ರಿಸೀವರನ್ನು ನನ್ನ ಕೈಗೆ ಕೊಟ್ಟು ಮೊಮ್ಮಗಳನ್ನು ಕಂಕುಳಿಗೇರಿಸಿಕೊಂಡರು.

"ನಾವ್ ಆಚೆಗಿರ್ತೀವಿ. ಮಾತಾಡ್ಕಂಡ್ ಬಾ" ಎಂದು, ಸಾಬರನ್ನೂ, ಹಾಸಿಗೆ ಬೆಲೆ ಕೇಳುತ್ತಿದ್ದ ಗಿರಾಕಿಯನ್ನೂ ಕಣ್ಣಲ್ಲೇ ಹೊರಡಿಸಿಕೊಂಡು ಬೀದಿಗಿಳಿದರು.

ನಾನು ಒಬ್ಬಳೇ ಉಳಿದೆ. ಯಾರೂ ಕೇಳಿಸಿಕೊಳ್ಳದ ಜಾಗ ಸಿಕ್ಕಾಗ ಎಲ್ಲಿಂದ ಶುರು ಮಾಡಬೇಕೆಂದೇ ಹೊಳೆಯಲಿಲ್ಲ.

"ಹೇಳು ಅರುಣಾ" ಎಂದರು ಅವರು. "ಇವತ್ತು ಸ್ಕೂಲಲ್ಲಿ ಏನಾಯ್ತು?"

ನಾನು ಹತ್ತಿಯ ಮೂಟೆಗೆ ಒರಗಿ ಕುಳಿತು, ಬೆಳಗಿನ ಪ್ರಾರ್ಥನೆಯಿಂದ ಹೇಳತೊಡಗಿದೆ.