ಇಪ್ಪತ್ತೆರಡನೇ ಸಂಗ್ರಹದ ಆ ಒಂದು ಚಪ್ಪಾಳೆ

ಆ ಹಾಡುಗಾರ ಬದುಕಿದ್ದಾಗ ಹಾಡಿ ಗೆದ್ದದ್ದು ಒಟ್ಟು ಹದಿನಾಲ್ಕು ಹಾಡು. ಅವನ ಆಯ್ದ ಹಾಡುಗಳ ಸಂಗ್ರಹ ಮಾತ್ರ ಇಪ್ಪತ್ತೆರಡು ಬಂದಿವೆ. ಮೊದಲು ‘ಆಯ್ದ ಹಾಡುಗಳು’ ಬಂತು. ಆಮೇಲೆ ‘ಮತ್ತಷ್ಟು ಆಯ್ದ ಹಾಡುಗಳು’ ಬಂತು. ತೆಗೆದು ನೋಡಿದರೆ ಅವೇ ಹದಿನಾಲ್ಕು, ಹಿಂದುಮುಂದು ಮಾಡಿದ್ದರು ಅಷ್ಟೆ. ಅವನು ಸತ್ತ ವರ್ಷ ‘ಕಟ್ಟಕಡೆಯ ಸಂಗ್ರಹ’ ಬಂತು, ಎಂಟೇ ತಿಂಗಳಿಗೆ ‘ಕಟ್ಟಕಡೆಯ ಸಂಗ್ರಹ, ಭಾಗ ಎರಡು’ ಕೂಡ ಬಂತು. ಮಾನ ಮರ್ಯಾದೆ ಇಲ್ಲದ ಜನ. ಎಲ್ಲವನ್ನೂ ನಾನು ಕೊಂಡಿದ್ದೇನೆ.

ಹಾಡಿನ ಮೇಲಿನ ಪ್ರೀತಿಗೆ ಅಂದುಕೊಳ್ಳಬೇಡಿ. ನಾನು ಕೊಳ್ಳುವುದು ಒಂದು ಚಪ್ಪಾಳೆಗೋಸ್ಕರ. ಯಾಕೆಂದರೆ ಅದು ನನ್ನದು.

ಅರವತ್ತು ವರ್ಷದ ಹಿಂದಿನ ಮಾತು. ನನಗೆ ಹದಿನೇಳು, ಅಕ್ಕನಿಗೆ ಇಪ್ಪತ್ತೊಂದು. ಇಬ್ಬರೂ ಗುಂಡಿ ಕಾರ್ಖಾನೆಯಲ್ಲಿ ಅಂಗಿಯ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದೆವು. ಮೇಲಿನ ಮಹಡಿಯಲ್ಲಿ ಹಾಡು ಮುದ್ರಿಸುವ ಒಂದು ಪುಟ್ಟ ಸ್ಟುಡಿಯೊ ಇತ್ತು. ರಾಕ್ ಅಂಡ್ ರೋಲ್ ಆಗಿನ್ನೂ ಕಣ್ಣು ಬಿಡುತ್ತಿತ್ತು. ರೇಡಿಯೊದಲ್ಲಿ ಬಂದರೆ ಮನೆಯ ದೊಡ್ಡವರು ಓಡಿ ಬಂದು ಆರಿಸುತ್ತಿದ್ದರು. ಒಂದು ಮಧ್ಯಾಹ್ನ ನಾವು ಊಟದ ಡಬ್ಬಿ ತೊಳೆಯುತ್ತಿದ್ದಾಗ ಮೆಟ್ಟಿಲ ಮೇಲೆ ಒಬ್ಬ ಬಡಕಲು ಹುಡುಗ ಬಂದು ನಿಂತ. ಹಣೆಯ ಮೇಲೆ ಎಣ್ಣೆ ಹಚ್ಚಿ ನಿಲ್ಲಿಸಿದ ಕೂದಲ ಗುಪ್ಪೆ. ಆ ಹದಿನಾಲ್ಕು ಹಾಡಿನವನು ಇವನೇ. ಕಾರ್ಖಾನೆಯಲ್ಲಿ ನಾವೆಲ್ಲ ಅವನನ್ನು ಗುಪ್ಪೆ ಅಂತಲೇ ಕರೆಯುತ್ತಿದ್ದೆವು.

“ಚಪ್ಪಾಳೆ ತಟ್ಟೋಕೆ ಬರುತ್ತಾ?” ಅಂದ.

“ಕೈ ಎರಡಿವೆಯಲ್ಲ” ಅಂದಳು ಅಕ್ಕ.

ಮೇಲೆ ಹೋದರೆ ನಮ್ಮನ್ನು ನಿಲ್ಲಿಸಿದ್ದು ಬಚ್ಚಲಿನಲ್ಲಿ! ಅಲ್ಲಿ ಶಬ್ದ ಚೆನ್ನಾಗಿ ಗುಂಯ್‌ಗುಡುತ್ತದಂತೆ. ಬಾಗಿಲು ತೆರೆದಿಟ್ಟು, ನಲ್ಲಿಗೆ ಬಟ್ಟೆ ಸುತ್ತಿ, ನಮ್ಮ ಮುಂದೊಂದು ಮೈಕು ಇಟ್ಟರು. ಹಾಡು ಬಸ್ಸು ತಪ್ಪಿಸಿಕೊಂಡ ಹುಡುಗಿಯದು. ಕೊನೆಯಲ್ಲಿ ಗಿಟಾರು, ಡ್ರಮ್ಮು, ಕಂಠ ಎಲ್ಲ ಒಟ್ಟಿಗೆ ಗಕ್ಕನೆ ನಿಲ್ಲಬೇಕು. ಎಲ್ಲ ನಿಂತವು. ನಿಂತ ಮೇಲೆ, ಪೂರ್ತಿ ನಿಶ್ಶಬ್ದದಲ್ಲಿ, ಟಪ್ ಅಂತ ಒಂದು ಚಪ್ಪಾಳೆ ಕೇಳಿಸಿತು.

ಗುಪ್ಪೆಯ ಗಂಟಲು ಆ ಹೊತ್ತಿಗೆ ಬಿದ್ದುಹೋಗಿತ್ತು. ಇನ್ನೊಂದು ಸಲ ಹಾಡುವ ತ್ರಾಣವಿಲ್ಲದೆ ಅದನ್ನೇ ಉಳಿಸಿಕೊಂಡರು. ಎರಡನೇ ಹಾಡನ್ನು ಅವನು ಮೆಲುದನಿಯಲ್ಲಿ ಹೇಳಿ ಮುಗಿಸಿದ. ಅದಕ್ಕೆ ನಾನೊಬ್ಬಳೇ ತಟ್ಟಿದೆ. ಅಕ್ಕ ಯಾಕೋ ಹೊರಗೆ ಹೋಗಿದ್ದಳು.

ಬಸ್ಸಿನ ಹಾಡು ಹೊರಬಂದದ್ದೇ ತಡ, ಜನಕ್ಕೆ ಹುಚ್ಚು ಹಿಡಿಯಿತು. ಎಲ್ಲಿ ಕುಣಿದರೂ ಹಾಡು ನಿಂತ ಮೇಲೆ ಎಲ್ಲರೂ ಸೇರಿ ಆ ಒಂದು ಚಪ್ಪಾಳೆ ತಟ್ಟುವವರೇ. ಆಗ ನಾನು ಅದು ನನ್ನದು ಅಂದೆ. ಸುಳ್ಳಲ್ಲ, ನನ್ನ ಅಂಗೈ ಚುರುಗುಟ್ಟಿದ್ದು ನನಗೆ ಇವತ್ತಿಗೂ ನೆನಪಿದೆ. ಗುಪ್ಪೆಯ ಮುಖ ನೋಡುತ್ತಾ ಮೈಮರೆತಿದ್ದೆ, ಹಾಡು ನಿಂತದ್ದು ಕೈಗೆ ತಿಳಿಯಲಿಲ್ಲ. ಆದರೆ ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು, “ಏನಂದೆ? ಅದು ನಂದು ಕಣೆ” ಅಂದಳು. ಅವತ್ತು ಶುರುವಾದ ಜಗಳ ಇಬ್ಬರ ಮದುವೆಯಾಗಿ, ಮಕ್ಕಳಾಗಿ, ಗಂಡಂದಿರು ಕಣ್ಮುಚ್ಚಿದರೂ ಮುಗಿಯಲಿಲ್ಲ.

ಈಗ ಅಕ್ಕನ ಮನೆ ಕೆಳಗೆ, ನನ್ನದು ಮೇಲೆ. ಹೊಸ ಸಂಗ್ರಹ ಬಂದ ದಿನ ನಾನು ಬಸ್ಸಿನ ಹಾಡು ಹಾಕುತ್ತೇನೆ. ಕೆಲವರು ಚಪ್ಪಾಳೆಯನ್ನು ತಪ್ಪೆಂದು ತಿಳಿದು ಕತ್ತರಿಸಿಬಿಟ್ಟಿದ್ದಾರೆ. ಕೆಲವು ಸಂಗ್ರಹಗಳಲ್ಲಿ ಗುಪ್ಪೆ ಮುದುಕನಾದ ಮೇಲೆ ಬೇರೆ ಕಂಪನಿಗೆ ಇನ್ನೊಮ್ಮೆ ಹಾಡಿದ್ದಿದೆ, ಅದರಲ್ಲಿ ತಟ್ಟುವುದು ಯಂತ್ರ. ಹದಿನೇಳನೆಯದರಲ್ಲಿ ಯಾವನೋ ಮಹಾರಾಯ ಜನಕ್ಕೆ ಇಷ್ಟ ಅಂತ ಎರಡು ಚಪ್ಪಾಳೆ ಇಟ್ಟಿದ್ದ. ಎರಡು ದಿನ ನನಗೆ ಊಟ ಸೇರಲಿಲ್ಲ. ಸಂಗ್ರಹದಲ್ಲಿ ಚಪ್ಪಾಳೆ ಇರಲಿ ಬಿಡಲಿ, ಹಾಡು ನಿಂತ ಕೂಡಲೇ ಕೆಳಗಿನಿಂದ ನನ್ನ ಕಾಲಡಿಗೆ ಒಂದು ಕುಟ್ಟು ಬರುತ್ತದೆ. ಅಕ್ಕ ಕಸಪೊರಕೆ ತಿರುಗಿಸಿ ಹಿಡಿದು, ಸೂರಿಗೆ ಕುಟ್ಟಿ, ಚಪ್ಪಾಳೆ ತನ್ನದೆಂದು ಸಾರುತ್ತಾಳೆ. ಎಂಬತ್ತು ದಾಟಿದ ಹೆಂಗಸಿಗೆ ಎಷ್ಟು ಹಟ ನೋಡಿ!

ಹೋದ ತಿಂಗಳು ಕಂಪನಿಯಿಂದ ಒಬ್ಬಳು ಹುಡುಗಿ ಬಂದಳು, ಇಪ್ಪತ್ತೆರಡನೇ ಸಂಗ್ರಹ ಮಾಡುತ್ತಿರುವವಳು. ಈ ಸಲ ಜೊತೆಗೊಂದು ಪುಸ್ತಿಕೆಯಂತೆ. ಗಿಟಾರು ಯಾರು, ಡ್ರಮ್ಮು ಯಾರು, ಎಲ್ಲರ ಹೆಸರೂ ಹಾಕುತ್ತಾರಂತೆ. ಅಕ್ಕನೂ ಮೇಲೆ ಬಂದಳು, ಬರುವಾಗ ಹಸಿ ಬಟಾಣಿಯ ಬುಟ್ಟಿ ಹಿಡಿದೇ ಬಂದಳು. ನಮ್ಮ ಮನೆಯಲ್ಲಿ ಕೂತರೂ ಹೊತ್ತು ಹಾಳಾಗಬಾರದು ನೋಡಿ.

“ಕೊನೇ ಚಪ್ಪಾಳೆಗೆ ಅಂತಲೇ ಒಂದು ಸಾಲು ಇದೆ ಅಮ್ಮಾ” ಅಂದಳು ಹುಡುಗಿ. “ನಿಮ್ಮಿಬ್ಬರ ಹೆಸರೂ ಹಾಕಿಬಿಡ್ಲಾ?”

“ಬೇಡ!” ಅಂದೆವು ಇಬ್ಬರೂ. ಅರವತ್ತು ವರ್ಷದಲ್ಲಿ ನಾವು ಒಪ್ಪಿದ್ದು ಅದೊಂದೇ ಇರಬೇಕು.

ಹುಡುಗಿ ನಕ್ಕಳು. “ಹಾಗಾದ್ರೆ ಇದನ್ನ ಕೇಳಿ. ಅವತ್ತಿನ ಮೂಲ ಟೇಪು ಸಿಕ್ಕಿದೆ. ಚಪ್ಪಾಳೆ ಆದ ಮೇಲೂ ಒಂದಷ್ಟು ಹೊತ್ತು ಓಡಿದೆ. ಮಾತು ಕೇಳಿಸುತ್ತೆ, ಆದ್ರೆ ಯಾವ ದನಿ ಯಾರದು ಅಂತ ನಂಗೆ ಗೊತ್ತಾಗ್ತಿಲ್ಲ.”

ಅಂತೂ ಸಾಕ್ಷಿ ಸಿಕ್ಕಿತು! ಅಕ್ಕನ ಕಡೆ ನೋಡಿದೆ. ಅವಳು ತಲೆ ಎತ್ತದೆ ಬಟಾಣಿ ಸುಲಿಯುತ್ತಿದ್ದಳು. ಸೋಲು ಕಂಡು ಮುಖ ಮರೆಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ.

ಹಾಡು ಬಂತು, ನಿಂತಿತು. ಟಪ್. ಆಮೇಲೆ ಹಾಡು ಮುದ್ರಿಸುವವನ ಗರ್ಜನೆ: “ಯಾರದು? ಯಾರು ತಟ್ಟಿದ್ದು? ತಟ್ಟಿದವಳು ಹೊರಗೆ ನಡಿ!”

ಬಟ್ಟೆ ಸುತ್ತಿದರೂ ನಿಲ್ಲದ ನಲ್ಲಿಯ ತೊಟ್ಟು ಮಾತ್ರ ಕೇಳುತ್ತಿತ್ತು. ಆಮೇಲೆ ಒಂದು ಹುಡುಗಿಯ ದನಿ, “ನಾನು” ಅಂದಿತು. ಅದರ ಹಿಂದೆಯೇ ಇನ್ನೊಂದು ಚಿಕ್ಕ ದನಿ, ಅವಸರವಸರವಾಗಿ, “ಹೌದು, ಅವಳೇ” ಅಂದಿತು. ಬಾಗಿಲು ದಡಾರನೆ ಮುಚ್ಚಿತು.

“ಇದರಲ್ಲಿ ಯಾವ ದನಿ ಯಾರದು?” ಅಂದಳು ಹುಡುಗಿ.

ನನ್ನ ದನಿ ನನಗೆ ಗೊತ್ತಾಗದೇ ಇರುತ್ತದೆಯೇ? “ಹೌದು, ಅವಳೇ” ಅಂದದ್ದು ನಾನು. ಆ ಮಾತನ್ನು ಎಲ್ಲಿ ಹೂತಿಟ್ಟಿದ್ದೆನೋ ದೇವರೇ ಬಲ್ಲ. ಅಂಗೈ ಚುರುಗುಟ್ಟಿದ್ದನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವಳು, ಬಾಯಿಂದ ಬಂದದ್ದನ್ನು ಅಚ್ಚುಕಟ್ಟಾಗಿ ಮರೆತಿದ್ದೆ. ಆ ಎರಡನೇ ಹಾಡಿಗೆ ಅಕ್ಕ ಯಾಕೆ ಇರಲಿಲ್ಲ ಅಂತ ಒಂದು ದಿನವಾದರೂ ಕೇಳಿದೆನೇ? ನನಗೆ ಅಸಹ್ಯವಾಯಿತು, ನನ್ನ ಮೇಲೆಯೇ.

ಅಕ್ಕನನ್ನು ಕೇಳಿದೆ, “ಯಾಕೆ ‘ನಾನು’ ಅಂದೆ?”

“ಆ ಗುಪ್ಪೇನ ನೀನು ಕಣ್ಣು ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದ್ದೆ. ನಿನ್ನ ಹೊರಗೆ ಹಾಕಿದ್ರೆ ಅಲ್ಲೇ ಗೊಳೋ ಅಂತ ಅತ್ತುಬಿಡ್ತಿದ್ದೆ. ನಿನ್ನ ಸಮಾಧಾನ ಮಾಡೋ ಕರ್ಮ ಮತ್ತೆ ನಂದೇ ತಾನೇ?”

“ಹಾಗಿದ್ರೆ ಚಪ್ಪಾಳೆ ನಂದು ಅಂತ ನಿಂಗೆ ಗೊತ್ತಿತ್ತು!”

“ಬೈಸ್ಕೊಂಡವಳು ನಾನು. ಮೆಟ್ಟಿಲ ಮೇಲೆ ಒಬ್ಬಳೇ ಕೂತವಳು ನಾನು. ಮೂರು ತಿಂಗಳು ಕಾರ್ಖಾನೇಲಿ ‘ಏನಮ್ಮಾ ಚಪ್ಪಾಳೆ’ ಅಂತ ಎಲ್ಲರ ಕೈಲಿ ಅನ್ನಿಸ್ಕೊಂಡವಳು ನಾನು. ಇನ್ಯಾರದಾಗುತ್ತೆ ಅದು?” ಅಂದಳು. ಒಂದು ಬಟಾಣಿ ಬಾಯಿಗೆ ಹಾಕಿಕೊಂಡು ಹುಡುಗಿಯತ್ತ ತಿರುಗಿ, “ಬರ್ಕೋಮ್ಮ, ಇವಳ ಹೆಸರೇ ಬರ್ಕೊ. ತಟ್ಟಿದ್ದು ಇವಳೇ. ಇಲ್ಲಾಂದ್ರೆ ಸಾಯೋತನಕ ನನ್ನ ತಲೆ ತಿಂತಾಳೆ” ಅಂದಳು.

ಹುಡುಗಿ ಪೆನ್ನು ತೆಗೆದಳು. ಗೆದ್ದಿದ್ದೆ. ಅರವತ್ತು ವರ್ಷ ಕಾದ ಗೆಲುವು. ಕೈ ಚಾಚಿ ಆ ಪೆನ್ನನ್ನು ತಡೆದೆ.

“ತಡಿಯಮ್ಮ” ಅಂದೆ. “ಮೊದಲನೇ ದನಿ ಅಕ್ಕಂದು. ಎರಡನೇದು ನಂದು.”

“ಆದ್ರೆ ನೀವೇ ತಟ್ಟಿದ್ದು ಅಂತ ಅವರೇ ಈಗ...”

“ಅವಳಿಗೆ ವಯಸ್ಸಾಯ್ತು, ಏನೇನೋ ಹೇಳ್ತಾಳೆ. ನಿಂಗೆ ಟೇಪು ಮುಖ್ಯವೋ ಮಾತು ಮುಖ್ಯವೋ? ಅವಳೇ ಅಂತ ನಾನೇ ಹೇಳಿದ್ದೀನಿ, ಕೇಳಿಸ್ಲಿಲ್ವಾ? ಅಕ್ಕನ ಹೆಸರು ಬರ್ಕೊ.”

“ಯಾರಿಗೇ ವಯಸ್ಸಾಗಿದ್ದು?” ಅಂದಳು ಅಕ್ಕ. ಆದರೆ ಬಟಾಣಿ ಸುಲಿಯುತ್ತಿದ್ದ ಅವಳ ಕೈ ನಿಂತಿತ್ತು.

ಮೊನ್ನೆ ಇಪ್ಪತ್ತೆರಡನೆಯದು ಬಂತು. ಪುಸ್ತಿಕೆಯ ಒಂಬತ್ತನೇ ಪುಟದಲ್ಲಿ, ‘ಕೊನೆಯ ಚಪ್ಪಾಳೆ’ ಅನ್ನುವುದರ ಮುಂದೆ ಅಕ್ಕನ ಹೆಸರಿದೆ. ಅವಳ ಪ್ರತಿಯನ್ನು ಕೆಳಗೆ ಕೊಟ್ಟು ಬಂದು, ನನ್ನದನ್ನು ಹಾಕಿ ಕೂತೆ. ಹಾಡು ನಿಂತಿತು. ಟಪ್ ಅಂತ ಚಪ್ಪಾಳೆ ಸ್ವಚ್ಛವಾಗಿ ಬಂತು. ಕೆಳಗಿನಿಂದ ಕುಟ್ಟು ಬರಲಿಲ್ಲ.

ಇನ್ನೊಮ್ಮೆ ಹಾಕಿದೆ. ಬರಲಿಲ್ಲ. ಹೆದರಿಕೆಯಾಗಿ, ಮಂಡಿನೋವು ಲೆಕ್ಕಿಸದೆ ಮೆಟ್ಟಿಲಿಳಿದು ಓಡಿದೆ. ನೋಡಿದರೆ ಮಹಾತಾಯಿ ಕನ್ನಡಕ ಹಾಕಿಕೊಂಡು ಒಂಬತ್ತನೇ ಪುಟ ತೆರೆದು ಆರಾಮಾಗಿ ಕೂತಿದ್ದಾಳೆ.

“ಯಾಕೆ ಕುಟ್ಟಲಿಲ್ಲ? ಜೀವ ಬಾಯಿಗೆ ಬಂತು ನಂಗೆ!”

“ಇನ್ಯಾಕೆ ಕುಟ್ಲಿ? ಹೆಸರು ಬಂತಲ್ಲ” ಅಂದಳು. ಮೂಲೆಯಿಂದ ಕಸಪೊರಕೆ ತಂದು ನನ್ನ ಕೈಗಿತ್ತಳು. “ಹೋಗು, ಮೇಲೆ ನೆಲಕ್ಕೆ ಒಂದು ಕುಟ್ಟು. ನಾನು ಕೇಳಿಸ್ಕೊಳ್ತೀನಿ. ಎಷ್ಟಂದ್ರೂ ತಟ್ಟಿದವಳು ನೀನೇ ಅಲ್ವೇನೆ?”

ಮೇಲೆ ಬಂದು ಹಾಡು ಹಾಕಿದೆ. ಈ ಸಲವೂ ನನ್ನ ಕೈ ಒಂದು ಕ್ಷಣ ತಡವಾಯಿತು. ಕಣ್ಣು ಒರೆಸಿಕೊಳ್ಳುತ್ತಿದ್ದೆ.